ಲ್ಯಾಟಿನ್ ಗಾದೆಗಳೂ ಧಾರವಾಡದ ಪಾದರಸವೂ

'ವೇದ ಸುಳ್ಳಾದರೂ ಗಾದೆ ಸುಳ್ಳಾಗದು' ಎಂಬ ಮಾತನ್ನು ಕೇಳದ ಕನ್ನಡಿಗರಿಲ್ಲ. ಗಾದೆಯೊಂದು ತನ್ನ ಬಂಧುಬಳಗಕ್ಕೆಲ್ಲ ತಾನೇ ಬರೆದುಕೊಟ್ಟ ಯೋಗ್ಯತಾಪತ್ರವಿದು. ಇದಕ್ಕೆ ನೇರ ವಿರುದ್ಧವಾಗಿ ನಿಂತಿರುವ ಲ್ಯಾಟಿನ್ ಸೂಕ್ತಿಯೊಂದುಂಟು: 'ನುಲ್ಲಿಯುಸ್ ಇನ್ ವೆರ್ಬಾ'. ಇದರ ಅರ್ಥ, 'ಯಾರ ಮಾತಿನ ಮೇಲೆಯೂ ಅಲ್ಲ' ಎಂದು. 1660ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ರಾಯಲ್ ಸೊಸೈಟಿಯೆಂಬ ವಿದ್ವತ್ಸಂಸ್ಥೆಯು ರೋಮನ್ ಕವಿ ಹೊರೇಸನ ಕಾವ್ಯದಿಂದ ಈ ಮೂರು ಶಬ್ದಗಳನ್ನು ಎತ್ತಿಕೊಂಡು ತನ್ನ ಧ್ಯೇಯವಾಕ್ಯವನ್ನಾಗಿ ಮಾಡಿಕೊಂಡಿತು. ಹೇಳಿದವರು ಎಷ್ಟೇ ದೊಡ್ಡವರಾಗಲಿ, ಅವರ ಮಾತಿನ ಬಲದಿಂದ ಯಾವುದನ್ನೂ ಒಪ್ಪಲಾರೆವು, ಪ್ರಯೋಗವು ಏನು ಹೇಳುವುದೋ ನೋಡೋಣ ಎಂಬುದು ಅದರ ತಾತ್ಪರ್ಯ.

ವಿಜ್ಞಾನವನ್ನು ಓದುವ ನಮ್ಮ ತರುಣರು ಲ್ಯಾಟಿನ್ ಸೂಕ್ತಿಗಳನ್ನು ಯಾವ ದೃಷ್ಟಿಯಿಂದ ನೋಡಬೇಕು ಎಂಬುದೇ ಪ್ರಸ್ತುತ ಲೇಖನದ ವಿಷಯ. ಸ್ಪರ್ಧಾಪರೀಕ್ಷೆಗಳಿಗೂ ರಸಪ್ರಶ್ನೆಗಳಿಗೂ ಸಿದ್ಧರಾಗುವ ವಿದ್ಯಾರ್ಥಿಗಳು ಇಂಥ ಸೂಕ್ತಿಗಳ ಪಟ್ಟಿಯನ್ನು ಎದುರಿಗಿಟ್ಟುಕೊಂಡು, ಎಡಗಡೆಗೆ ಲ್ಯಾಟಿನ್, ಬಲಗಡೆಗೆ ಇಂಗ್ಲಿಷ್ ಅರ್ಥ ಎಂದು ಉರುಹೊಡೆಯುತ್ತಿರುವುದನ್ನು ನಾವು ಕಾಣುತ್ತೇವೆ. ಬಾಯಿಪಾಠದ ಬಗೆಗೆ ನಮ್ಮ ತಕರಾರಿಲ್ಲ. ಆದರೆ ಅರ್ಥವು ಇಂಗ್ಲಿಷಿನಲ್ಲಿಯೇ ನಿಂತುಬಿಡುವುದು, ಮತ್ತು ಮಾತು ಲ್ಯಾಟಿನ್ನಿನಲ್ಲಿದೆಯೆಂಬ ಒಂದೇ ಕಾರಣಕ್ಕಾಗಿ ಅದು ಸಿದ್ಧಸತ್ಯವೆಂಬ ಭಾವನೆ ಬೇರೂರುವುದು, ಇವೆರಡೂ ವಿಜ್ಞಾನದ ವಿದ್ಯಾರ್ಥಿಗೆ ಹಾನಿಕರ. ಮೊದಲು ಕನ್ನಡಿಸಬೇಕು, ಬಳಿಕ ಪರೀಕ್ಷಿಸಬೇಕು: ಇದು ನಮ್ಮ ಅಭಿಪ್ರಾಯ.

ಲ್ಯಾಟಿನ್ ಎಲ್ಲಿಯದು?

ಲ್ಯಾಟಿನ್ ನಮಗೆ ತೀರ ದೂರದ ಭಾಷೆಯೆಂದು ತಿಳಿಯಬೇಕಾಗಿಲ್ಲ. ಗಡಿಯಾರದ ಎ.ಎಂ., ಪಿ.ಎಂ.ಗಳು ಲ್ಯಾಟಿನ್ ಶಬ್ದಗಳ ಮೊದಲಕ್ಷರಗಳು. 'ಮಧ್ಯಾಹ್ನಕ್ಕೆ ಮುಂಚೆ', 'ಮಧ್ಯಾಹ್ನದ ಬಳಿಕ' ಎಂದಷ್ಟೇ ಅವುಗಳ ಅರ್ಥ. ರೇಖಾಗಣಿತದ ಪ್ರಮೇಯದ ಕೊನೆಗೆ ಬರೆಯುವ ಕ್ಯೂ.ಇ.ಡಿ. ಎಂದರೆ 'ಇದನ್ನೇ ಸಾಧಿಸಬೇಕಾಗಿದ್ದಿತು' ಎಂದು. ಕಬ್ಬಿಣಕ್ಕೆ ಎಫ್ಇ ಎಂಬ ಸಂಕೇತವೇಕೆಂದರೆ ರೋಮನರು ಅದನ್ನು 'ಫೆರ್ರುಮ್' ಎಂದು ಕರೆಯುತ್ತಿದ್ದರು. ಸಸ್ಯಗಳ ಶಾಸ್ತ್ರೀಯ ನಾಮಗಳು ಇಂದಿಗೂ ಲ್ಯಾಟಿನ್ ರೂಪದಲ್ಲಿಯೇ ಇವೆ.

ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಲ್ಯಾಟಿನ್ ಸೂಕ್ತಿಗಳು ನಿತ್ಯವೂ ಕೆಲಸಮಾಡುವ ಸ್ಥಳವೆಂದರೆ ನ್ಯಾಯಾಲಯ. ಧಾರವಾಡದಲ್ಲಿ 2008ರಿಂದ ಉಚ್ಚ ನ್ಯಾಯಾಲಯದ ಪೀಠವಿದೆ. 2013ರಲ್ಲಿ ಅದು ಖಾಯಂ ಆಯಿತು. ಹುಬ್ಬಳ್ಳಿಯಲ್ಲಿ 2009ರಲ್ಲಿ ರಾಜ್ಯ ಕಾನೂನು ವಿಶ್ವವಿದ್ಯಾಲಯವು ಸ್ಥಾಪಿತವಾಯಿತು. ಸಂವಿಧಾನದ 32 ಮತ್ತು 226ನೆಯ ಅನುಚ್ಛೇದಗಳು ಹೆಸರಿಸುವ ರಿಟ್ಟುಗಳಲ್ಲಿ ಹೇಬಿಯಸ್ ಕಾರ್ಪಸ್, ಮ್ಯಾಂಡಮಸ್, ಸರ್ಷಿಯೊರರಿ, ಕ್ವೊ ವಾರಂಟೊ ಎಂಬ ನಾಲ್ಕೂ ಲ್ಯಾಟಿನ್ ಹೆಸರುಗಳೇ. 'ಆಡಿ ಆಲ್ತೆರಮ್ ಪಾರ್ತೆಮ್' ಎಂಬುದನ್ನು, ಅಂದರೆ 'ಎದುರು ಪಕ್ಷದ ಮಾತನ್ನೂ ಕೇಳು' ಎಂಬುದನ್ನು, ಕಾನೂನಿನ ವಿದ್ಯಾರ್ಥಿಯು ಮೊದಲ ವರ್ಷದಲ್ಲಿಯೇ ಕಲಿಯಬೇಕಾಗುತ್ತದೆ. 'ನೇಮೊ ಯೂದೆಕ್ಸ್ ಇನ್ ಕೌಸಾ ಸುವಾ', ಅಂದರೆ 'ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗಕೂಡದು' ಎಂಬುದು ಇದರ ಜೊತೆಯ ಇನ್ನೊಂದು ಸೂಕ್ತಿ.

ಕನ್ನಡಿಸಿ ನೋಡಿದಾಗ

ಲ್ಯಾಟಿನ್ ಮಾತಿನ ಗಾಂಭೀರ್ಯವು ಬಹುಮಟ್ಟಿಗೆ ಅದರ ನಾದದಲ್ಲಿಯೇ ಇದೆ. ಕನ್ನಡಕ್ಕೆ ತಂದೊಡನೆ ಅದು ನಮ್ಮ ಅಜ್ಜ-ಅಜ್ಜಿಯರು ಆಡುವ ಮಾತಿಗೆ ತೀರ ಸಮೀಪ ಬಂದುಬಿಡುತ್ತದೆ. 'ಫೆಸ್ತೀನಾ ಲೆಂತೆ' ಎಂದರೆ 'ಅವಸರಿಸು, ಆದರೆ ಮೆಲ್ಲಗೆ'; 'ನಿಧಾನವೇ ಪ್ರಧಾನ' ಎಂದು ನಾವು ಹೇಳುವುದಿಲ್ಲವೆ? 'ಪುನರಾವರ್ತನೆಯೇ ಅಭ್ಯಾಸದ ತಾಯಿ' ಎಂಬ ಅರ್ಥದ ಲ್ಯಾಟಿನ್ ಮಾತಿಗೆ 'ಹಾಡುತ್ತ ಹಾಡುತ್ತ ರಾಗ' ಎಂಬ ನಮ್ಮ ಮಾತು ಏನೂ ಕಡಿಮೆಯದಲ್ಲ.

ತರ್ಕಶಾಸ್ತ್ರದಲ್ಲಿ 'ಪೋಸ್ಟ್ ಹಾಕ್, ಎರ್ಗೊ ಪ್ರಾಪ್ಟರ್ ಹಾಕ್' ಎಂಬ ದೋಷವನ್ನು ಹೇಳುತ್ತಾರೆ. ಒಂದರ ಹಿಂದೆ ಇನ್ನೊಂದು ನಡೆಯಿತು, ಆದುದರಿಂದ ಮೊದಲನೆಯದೇ ಎರಡನೆಯದಕ್ಕೆ ಕಾರಣ ಎಂದು ತಿಳಿಯುವ ತಪ್ಪು ಇದು. ಕತ್ತೆಗಳ ಮದುವೆ ಮಾಡಿದ ಮೂರನೆಯ ದಿನ ಮಳೆ ಬಂದರೆ ಮದುವೆಯಿಂದಲೇ ಮಳೆ ಬಂದಿತೆಂದು ನಂಬುವುದು ಇದಕ್ಕೆ ಉದಾಹರಣೆ. ಈ ದೋಷವನ್ನು ನಮ್ಮವರು ಲ್ಯಾಟಿನ್ ಕಲಿತು ಅರಿತವರಲ್ಲ. 'ಕಾಗೆ ಕೂಡುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು' ಎಂದು ಹೇಳಿ ನಕ್ಕವರು ಅದೇ ದೋಷವನ್ನು ಕಂಡವರು.

ಇನ್ನೊಂದು ಉದಾಹರಣೆಯು ಮನನೀಯವಾಗಿದೆ. 'ಪ್ರಮಾಣವೇ ವಿಷವನ್ನುಂಟುಮಾಡುವುದು' ಎಂಬ ಅರ್ಥದ ಲ್ಯಾಟಿನ್ ವಾಕ್ಯವು ವಿಷವಿಜ್ಞಾನದ ಮೂಲಸೂತ್ರವೆಂದು ಪ್ರಸಿದ್ಧವಾಗಿದೆ. ನಮ್ಮಲ್ಲಿ ಅದು 'ಅತಿಯಾದರೆ ಅಮೃತವೂ ವಿಷ'. ಈ ವಿಚಾರವನ್ನು ಬರೆದವನು 16ನೆಯ ಶತಮಾನದ ವೈದ್ಯ ಪ್ಯಾರಾಸೆಲ್ಸಸ್. ಆದರೆ ಅವನು ಅದನ್ನು ಬರೆದದ್ದು ಲ್ಯಾಟಿನ್ನಿನಲ್ಲಿ ಅಲ್ಲ, ತನ್ನ ತಾಯ್ನುಡಿಯಾದ ಜರ್ಮನ್ ಭಾಷೆಯಲ್ಲಿ. 1527ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ, ವಿದ್ವಾಂಸರೆಲ್ಲ ಲ್ಯಾಟಿನ್ನಿನಲ್ಲಿಯೇ ಪಾಠ ಹೇಳುತ್ತಿದ್ದ ಕಾಲದಲ್ಲಿ, ಅವನು ಜರ್ಮನ್ ಭಾಷೆಯಲ್ಲಿ ವೈದ್ಯಶಾಸ್ತ್ರವನ್ನು ಬೋಧಿಸಿ ಪಂಡಿತರ ಕೋಪಕ್ಕೆ ಗುರಿಯಾದನು. ಧಾರವಾಡದವರಿಗೆ ಬಾಸೆಲ್ ಎಂಬ ಹೆಸರು ಹೊಸದಲ್ಲ. 19ನೆಯ ಶತಮಾನದಲ್ಲಿ ಇಲ್ಲಿ ಶಾಲೆಯನ್ನು ತೆರೆದ ಮಿಶನ್ ಆ ಊರಿನದೇ. ಅವನ ಜರ್ಮನ್ ಮಾತಿಗೆ ಲ್ಯಾಟಿನ್ನಿನ ಉಡುಪು ತೊಡಿಸಿದವರು ನಂತರದವರು. ನಾವಾದರೋ ಉಡುಪಿಗೆ ಕೈಮುಗಿದು, ಮನುಷ್ಯನನ್ನು ಮರೆಯುತ್ತೇವೆ.

ಗೆಲಿಲಿಯೊ 1632ರಲ್ಲಿ ತನ್ನ ಪ್ರಸಿದ್ಧ 'ಸಂವಾದ'ವನ್ನು ಇಟಾಲಿಯನ್ ಭಾಷೆಯಲ್ಲಿ ಬರೆದನು. ನ್ಯೂಟನ್ 1687ರಲ್ಲಿ 'ಪ್ರಿನ್ಸಿಪಿಯಾ'ವನ್ನು ಲ್ಯಾಟಿನ್ನಿನಲ್ಲಿ ಬರೆದರೂ 1704ರಲ್ಲಿ ಬೆಳಕಿನ ವಿಷಯದ ಗ್ರಂಥವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದನು. ಲ್ಯಾಟಿನ್ ಬಲ್ಲವರೇ ವಿಜ್ಞಾನವನ್ನು ತಂತಮ್ಮ ನುಡಿಗೆ ತಂದುಕೊಂಡಿರುವಾಗ ಕನ್ನಡಿಗ ವಿದ್ಯಾರ್ಥಿಯು ಸಂಕೋಚಪಡಲು ಕಾರಣವಿಲ್ಲ.

ಮನುಷ್ಯರ ಕಟ್ಟಳೆ, ನಿಸರ್ಗದ ನಡೆ

ನ್ಯಾಯಾಲಯದ ಸೂಕ್ತಿಗೂ ಪ್ರಯೋಗಶಾಲೆಯ ಸೂಕ್ತಿಗೂ ಒಂದು ಮೂಲಭೂತ ಭೇದವಿದೆ. 'ಎದುರು ಪಕ್ಷದ ಮಾತನ್ನೂ ಕೇಳು' ಎಂಬುದು ಮನುಷ್ಯರು ತಮಗೆ ತಾವೇ ಹಾಕಿಕೊಂಡ ಕಟ್ಟಳೆ. ಅದನ್ನು ಪಾಲಿಸಿದರೆ ನ್ಯಾಯ, ಪಾಲಿಸದಿದ್ದರೆ ಅನ್ಯಾಯ. ಅದು ನಿಜವೋ ಸುಳ್ಳೋ ಎಂದು ಅಳೆಯುವ ಪ್ರಶ್ನೆಯೇ ಏಳುವುದಿಲ್ಲ. ಆದರೆ 'ನಿಸರ್ಗವು ಹೀಗೆ ನಡೆಯುವುದು' ಎಂದು ಹೇಳುವ ಸೂಕ್ತಿಯು ಕಟ್ಟಳೆಯಲ್ಲ, ಒಂದು ಹೇಳಿಕೆ. ನಿಸರ್ಗವು ಲ್ಯಾಟಿನ್ನನ್ನು ಓದಿಲ್ಲ. ಸಾವಿರ ವರ್ಷ ಸಾವಿರ ಪಂಡಿತರು ಪಠಿಸಿದರೂ ಆ ಹೇಳಿಕೆಯನ್ನು ಪಾಲಿಸಬೇಕೆಂಬ ಹಂಗು ಅದಕ್ಕಿಲ್ಲ.

ಇದಕ್ಕೆ ಅತ್ಯುತ್ತಮ ನಿದರ್ಶನವೆಂದರೆ 'ನಿಸರ್ಗವು ನಿರ್ವಾತವನ್ನು ಹೇಸುತ್ತದೆ' ಎಂಬ ಮಾತು. ಅರಿಸ್ಟಾಟಲನ ವಿಚಾರದಿಂದ ಹುಟ್ಟಿದ ಈ ಸೂಕ್ತಿಯು ಮಧ್ಯಯುಗದ ಯುರೋಪಿನಲ್ಲಿ 'ಹಾರ್ರರ್ ವಾಕುಯಿ' ಎಂಬ ಲ್ಯಾಟಿನ್ ಹೆಸರಿನಿಂದ ನೆಲೆಯೂರಿತ್ತು. ಪಂಪಿನ ಕೊಳವೆಯಲ್ಲಿ ನೀರೇಕೆ ಮೇಲೇರುತ್ತದೆ? ಬರಿದಾದ ಸ್ಥಳವನ್ನು ನಿಸರ್ಗವು ಸಹಿಸದು, ಆದುದರಿಂದ ನೀರು ಓಡಿಬಂದು ಅದನ್ನು ತುಂಬುತ್ತದೆ! ಆದರೆ ಹೀರುಪಂಪು ಸುಮಾರು 10 ಮೀಟರಿಗಿಂತ ಹೆಚ್ಚು ಆಳದಿಂದ ನೀರನ್ನೆತ್ತಲಾರದೆಂಬುದನ್ನು ಬಾವಿ ತೋಡುವವರು ಬಲ್ಲವರಾಗಿದ್ದರು. ನಿಸರ್ಗದ ಹೇಸಿಕೆಯು 10 ಮೀಟರಿಗೇ ಮುಗಿದುಹೋಗುವುದೇ?

ಗೆಲಿಲಿಯೊನ ಶಿಷ್ಯ ಟಾರಿಚೆಲ್ಲಿಯು 1643ರಲ್ಲಿ ನೀರಿಗೆ ಬದಲಾಗಿ ಅದಕ್ಕಿಂತ 13.6 ಪಟ್ಟು ಭಾರವಾದ ಪಾದರಸವನ್ನು ತೆಗೆದುಕೊಂಡನು. ಒಂದು ತುದಿ ಮುಚ್ಚಿದ ಗಾಜಿನ ನಳಿಗೆಯಲ್ಲಿ ಪಾದರಸವನ್ನು ತುಂಬಿ, ಪಾದರಸದ ಬಟ್ಟಲಿನಲ್ಲಿ ಬೋರಲಾಗಿ ನಿಲ್ಲಿಸಿದಾಗ ಅದು ಸುಮಾರು 76 ಸೆಂಟಿಮೀಟರಿಗೆ ಇಳಿದು ನಿಂತಿತು. ಮೇಲ್ಗಡೆ ಬರಿದಾದ ಸ್ಥಳ ಉಳಿಯಿತು. ಪಾದರಸವನ್ನು ಎತ್ತಿಹಿಡಿದಿರುವುದು ಹೊರಗಿನ ಗಾಳಿಯ ಭಾರವೆಂದು ಅವನು ಹೇಳಿದನು. ಹಾಗಿದ್ದರೆ ಗಾಳಿ ಕಡಿಮೆಯಿರುವ ಬೆಟ್ಟದ ಮೇಲೆ ಪಾದರಸವು ಇನ್ನಷ್ಟು ಇಳಿಯಬೇಕಲ್ಲವೆ? 1648ರ ಸೆಪ್ಟೆಂಬರಿನಲ್ಲಿ ಪಾಸ್ಕಲನ ಕೋರಿಕೆಯ ಮೇರೆಗೆ ಅವನ ಭಾವಮೈದುನ ಪೆರಿಯೆ ಫ್ರಾನ್ಸಿನ ಪ್ಯುಯಿ ದ ದೋಮ್ ಬೆಟ್ಟವನ್ನು ನಳಿಗೆಯೊಡನೆ ಹತ್ತಿದನು. ಪಾದರಸವು ಸುಮಾರು 8 ಸೆಂಟಿಮೀಟರಿನಷ್ಟು ಇಳಿದಿತ್ತು. ಬೆಟ್ಟದ ಬುಡದಲ್ಲಿ ನಿರ್ವಾತವನ್ನು ಹೆಚ್ಚು ಹೇಸುವ ನಿಸರ್ಗವು ತುದಿಯಲ್ಲಿ ಕಡಿಮೆ ಹೇಸುವುದೆಂದು ಯಾರೂ ಹೇಳಲಾರರು. ಸೂಕ್ತಿಯು ಅಲ್ಲಿಗೆ ಬಿದ್ದುಹೋಯಿತು.

ನಮ್ಮ ಪಾದರಸ ಏನು ಹೇಳುತ್ತದೆ?

ಈ ಕಥೆಯನ್ನು ವಿದ್ಯಾರ್ಥಿಗಳು ಪಾಠದಲ್ಲಿ ಓದುತ್ತಾರೆ, ಮೆಚ್ಚುತ್ತಾರೆ. ಆದರೆ ಧಾರವಾಡದ ಪ್ರಯೋಗಶಾಲೆಯಲ್ಲಿ ಕುಳಿತು ಗಾಳಿಯ ಒತ್ತಡವೆಷ್ಟು ಎಂದು ಕೇಳಿದರೆ, ಗೋಡೆಯ ಮೇಲಿನ ವಾಯುಭಾರಮಾಪಕದ ಕಡೆಗೆ ತಿರುಗಿಯೂ ನೋಡದೆ, '76 ಸೆಂಟಿಮೀಟರ್' ಎಂದುಬಿಡುತ್ತಾರೆ. ಜರ್ನಲ್ಲಿನಲ್ಲಿಯೂ ಅದನ್ನೇ ಬರೆಯುತ್ತಾರೆ. ಅದು ಸಮುದ್ರದ ಮಟ್ಟದ ಸಂಖ್ಯೆ. ಧಾರವಾಡವು ಸಮುದ್ರಮಟ್ಟದಿಂದ 700 ಮೀಟರಿಗೂ ಮೇಲಿದೆ. ಇಲ್ಲಿ ಪಾದರಸವು 70 ಸೆಂಟಿಮೀಟರಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ನೀರು 100 ಡಿಗ್ರಿ ಸೆಲ್ಸಿಯಸ್ಸಿಗೆ ಕುದಿಯುವುದೆಂಬುದೂ ಇಂಥದೇ ಮಾತು. ಇಲ್ಲಿ ಅದು 98 ಡಿಗ್ರಿಯನ್ನು ಮುಟ್ಟುವ ಮೊದಲೇ ಕುದಿಯತೊಡಗುತ್ತದೆ. ಹೀರುಪಂಪಿನ ಪರಮಾವಧಿಯೂ ಇಲ್ಲಿ 10.3 ಮೀಟರಲ್ಲ, ಲೆಕ್ಕದ ಪ್ರಕಾರ 9.5 ಮೀಟರ್, ಘರ್ಷಣೆ ಮೊದಲಾದ ನಷ್ಟಗಳನ್ನು ಕಳೆದರೆ ವ್ಯವಹಾರದಲ್ಲಿ ದೊರೆಯುವುದು ಇನ್ನೂ ಕಡಿಮೆ. ನೀರು ಕೆಳಗಿಳಿದಾಗ ಪಂಪನ್ನು ಬಾವಿಯೊಳಕ್ಕೆ ಇಳಿಸಿ ಕೂಡಿಸುವ ನಮ್ಮ ರೈತನಿಗೆ ಇದು ತಿಳಿದಿದೆ. 76 ಎಂದು ಬರೆಯುವ ಪದವಿ ವಿದ್ಯಾರ್ಥಿಗೆ ತಿಳಿದಿಲ್ಲ.

ಇಲ್ಲಿ 70ಕ್ಕೂ 76ಕ್ಕೂ ಇರುವ 6 ಸೆಂಟಿಮೀಟರಿನ ಅಂತರವು ಅಲ್ಪವೆಂದು ತೋರಬಹುದು. ನಮ್ಮ ಮಟ್ಟಿಗೆ ವಿಜ್ಞಾನದ ಶಿಕ್ಷಣವೆಲ್ಲವೂ ಆ 6 ಸೆಂಟಿಮೀಟರಿನಲ್ಲಿಯೇ ಅಡಗಿದೆ. ಪುಸ್ತಕದ ಸಂಖ್ಯೆಯನ್ನು ಬರೆದವನು 'ಹಾರ್ರರ್ ವಾಕುಯಿ' ಎಂದು ಪಠಿಸುತ್ತಿದ್ದ ಪಂಡಿತರ ಸಾಲಿಗೆ ಸೇರಿದವನು. ಕಣ್ಣಿಟ್ಟು ಓದಿದ ಸಂಖ್ಯೆಯನ್ನು ಬರೆದವನು ಟಾರಿಚೆಲ್ಲಿಯ ಸಾಲಿನವನು. ಇದರಲ್ಲಿ ಅಧ್ಯಾಪಕರ ಹೊಣೆಯೂ ಇದೆ. ಪುಸ್ತಕಕ್ಕೆ ಹೊಂದುವ ಉತ್ತರಕ್ಕೆ ಪೂರ್ಣಾಂಕ, ಹೊಂದದ ಉತ್ತರಕ್ಕೆ ಕೆಂಪು ಗೆರೆ ಎಂಬ ಪದ್ಧತಿಯಿರುವಲ್ಲಿ ವಿದ್ಯಾರ್ಥಿಯು ಕಣ್ಣನ್ನು ನಂಬುವ ಬದಲು ಪುಸ್ತಕವನ್ನು ನಂಬುವುದು ಸ್ವಾಭಾವಿಕ.

ಬಿದ್ದವು, ನಿಂತವು, ತಿದ್ದಿಕೊಂಡವು

ಎಲ್ಲ ಸೂಕ್ತಿಗಳೂ ಹೀಗೆ ಬೀಳುವುವೆಂದು ಹೇಳಲಾಗದು. 'ನಿಸರ್ಗವು ನೆಗೆಯುವುದಿಲ್ಲ' ಎಂಬ ಅರ್ಥದ 'ನಾಟುರಾ ನಾನ್ ಫಾಕಿತ್ ಸಾಲ್ತುಸ್' ಎಂಬ ಮಾತನ್ನು ಲಿನ್ನೇಯಸ್ 1751ರಲ್ಲಿ ಸಸ್ಯವಿಜ್ಞಾನದಲ್ಲಿ ಬಳಸಿದನು; ಡಾರ್ವಿನ್ನನೂ ಅದನ್ನು ನೆಚ್ಚಿದ್ದನು. ಆದರೆ 1900ರ ಡಿಸೆಂಬರಿನಲ್ಲಿ ಮ್ಯಾಕ್ಸ್ ಪ್ಲಾಂಕ್ ಮಂಡಿಸಿದ ಸಿದ್ಧಾಂತದಂತೆ ಶಕ್ತಿಯ ಕೊಡುಕೊಳೆಯು ನಿಶ್ಚಿತ ಕಂತುಗಳಲ್ಲಿ ಮಾತ್ರ ನಡೆಯುತ್ತದೆ. 1913ರಲ್ಲಿ ಬೋರ್ ಪರಮಾಣುವಿನೊಳಗೇ ನೆಗೆತವನ್ನು ತೋರಿಸಿದನು. ಆ ಕಂತಿಗೆ ಇಟ್ಟ ಹೆಸರು 'ಕ್ವಾಂಟಮ್'. ಇದೂ 'ಎಷ್ಟು' ಎಂಬ ಅರ್ಥದ ಲ್ಯಾಟಿನ್ ಶಬ್ದವೇ. ಪ್ರಯೋಗಶಾಲೆಯ ಸೋಡಿಯಮ್ ದೀಪವನ್ನು ರೋಹಿತದರ್ಶಕದಲ್ಲಿ ನೋಡಿದರೆ 589.0 ಮತ್ತು 589.6 ನ್ಯಾನೊಮೀಟರುಗಳಲ್ಲಿ ಕಾಣುವ ಎರಡು ಹಳದಿ ಗೆರೆಗಳು ನಿಸರ್ಗದ ನೆಗೆತಕ್ಕೆ ಸಾಕ್ಷಿಯಾಗಿವೆ.

'ಎಕ್ಸ್ ನಿಹಿಲೊ ನಿಹಿಲ್ ಫಿತ್', ಅಂದರೆ 'ಶೂನ್ಯದಿಂದ ಏನೂ ಹುಟ್ಟದು' ಎಂಬ ಪ್ರಾಚೀನ ವಚನವು ಇನ್ನೊಂದು ಬಗೆಯದು. 18ನೆಯ ಶತಮಾನದಲ್ಲಿ ಲವಾಸಿಯೆ ತಕ್ಕಡಿಯನ್ನು ಹಿಡಿದು, ರಾಸಾಯನಿಕ ಕ್ರಿಯೆಯಲ್ಲಿ ಒಟ್ಟು ತೂಕವು ಬದಲಾಗದೆಂದು ತೋರಿಸಿ ಅದಕ್ಕೆ ಆಧಾರವನ್ನೊದಗಿಸಿದನು. 1905ರಲ್ಲಿ ಐನ್‌ಸ್ಟೈನ್ ಅದನ್ನು ತಿದ್ದಿ, ದ್ರವ್ಯರಾಶಿಯೂ ಶಕ್ತಿಯೂ ಒಂದೇ ಲೆಕ್ಕದ ಎರಡು ಕಲಮುಗಳೆಂದು ತೋರಿಸಿದನು. ನಮಗೆ ಸಮೀಪದ ಕೈಗಾ ಅಣುಸ್ಥಾವರದಲ್ಲಿ ವಿದಳನಗೊಂಡ ಯುರೇನಿಯಮ್ಮಿನ ದ್ರವ್ಯರಾಶಿಯಲ್ಲಿ ಸುಮಾರು ಸಾವಿರಕ್ಕೊಂದು ಪಾಲು ಕಡಿಮೆಯಾಗಿ ಶಕ್ತಿರೂಪದಲ್ಲಿ ಹೊರಬರುತ್ತದೆ. ಹೀಗೆ ಸೂಕ್ತಿಯು ಉಳಿಯಿತು, ಆದರೆ ಅರ್ಥವನ್ನು ತಿದ್ದಿಕೊಂಡು ಉಳಿಯಿತು.

ರಾಬರ್ಟ್ ಹುಕ್ 1676ರಲ್ಲಿ ತನ್ನ ಶೋಧವನ್ನು ಹದಿನಾಲ್ಕು ಅಕ್ಷರಗಳ ಒಗಟಾಗಿ ಪ್ರಕಟಿಸಿ, 1678ರಲ್ಲಿ ಬಿಡಿಸಿ ಹೇಳಿದನು: 'ಉತ್ ತೆನ್ಸಿಯೊ, ಸಿಕ್ ವಿಸ್', 'ಎಷ್ಟು ಹಿಗ್ಗೋ ಅಷ್ಟು ಬಲ'. ಸ್ಪ್ರಿಂಗಿಗೆ ತೂಕಗಳನ್ನು ತೂಗಿಹಾಕಿ ಯಾವ ವಿದ್ಯಾರ್ಥಿಯೂ ಇದನ್ನು ಸಾಧಿಸಿ ನೋಡಬಹುದು. ಆದರೆ ತೂಕವನ್ನು ಏರಿಸುತ್ತಲೇ ಹೋದರೆ ಒಂದು ಮಿತಿಯ ಆಚೆಗೆ ಸೂಕ್ತಿಯು ಸುಳ್ಳಾಗುತ್ತದೆ. ಸ್ಪ್ರಿಂಗು ಮೊದಲಿನ ಉದ್ದಕ್ಕೆ ಮರಳುವುದಿಲ್ಲ. ಸ್ಥಿತಿಸ್ಥಾಪಕತ್ವಕ್ಕೆ ಮಿತಿಯಿರುವಂತೆ ಪ್ರತಿಯೊಂದು ಸೂಕ್ತಿಗೂ ಒಂದು ಮಿತಿಯುಂಟು. ಆ ಮಿತಿಯೆಲ್ಲಿದೆಯೆಂದು ಕಂಡುಕೊಳ್ಳದವನು ಸೂಕ್ತಿಯನ್ನು ಅರಿತವನಲ್ಲ.

ನಮ್ಮ ಗಾದೆಗಳನ್ನೂ ಇದೇ ಒರೆಗಲ್ಲಿಗೆ ಹಚ್ಚಬೇಕು. 'ರೋಹಿಣಿ ಮಳೆಯಾದರೆ ಓಣಿಯೆಲ್ಲ ಜೋಳ' ಎಂಬುದು ನಮ್ಮ ಭಾಗದ ಒಕ್ಕಲಿಗರ ಮಾತು. ಸೂರ್ಯನು ರೋಹಿಣಿ ನಕ್ಷತ್ರದಲ್ಲಿರುವ ಕಾಲವೆಂದರೆ ಈಗ ಮೇ ತಿಂಗಳ ಕೊನೆ, ಜೂನ್ ತಿಂಗಳ ಮೊದಲ ವಾರ. ತಲೆಮಾರುಗಳ ಅನುಭವವು ಇದರಲ್ಲಿ ಅಡಗಿದೆಯೆಂಬುದು ನಿಸ್ಸಂಶಯ. ಆದರೆ ಭೂಮಿಯ ಅಕ್ಷವು ಬುಗುರಿಯಂತೆ ಮೆಲ್ಲಗೆ ಓಲುತ್ತಿರುವುದರಿಂದ ನಕ್ಷತ್ರಗಳ ಲೆಕ್ಕದ ವರ್ಷವೂ ಋತುಗಳ ಲೆಕ್ಕದ ವರ್ಷವೂ ಒಂದೇ ಅಲ್ಲ. ಸುಮಾರು 71 ವರ್ಷಗಳಿಗೆ ಒಂದು ದಿನದಂತೆ ರೋಹಿಣಿಯು ಋತುವಿನಲ್ಲಿ ಮುಂದಕ್ಕೆ ಸರಿಯುತ್ತದೆ. ಸಾವಿರ ವರ್ಷಗಳ ಹಿಂದೆ ಅದು ಸುಮಾರು ಎರಡು ವಾರ ಮೊದಲೇ ಬರುತ್ತಿದ್ದಿತು. ಅಂದಿನ ರೋಹಿಣಿಯ ಮಾತನ್ನು ಇಂದಿನ ರೋಹಿಣಿಗೆ ಅನ್ವಯಿಸುವ ಮೊದಲು ಮಳೆಯ ದಾಖಲೆಯನ್ನೂ ಬೆಳೆಯ ದಾಖಲೆಯನ್ನೂ ಎದುರುಬದುರಾಗಿಟ್ಟು ನೋಡಬೇಕು. ಹಾಗೆ ನೋಡುವುದು ಹಿರಿಯರಿಗೆ ಅಗೌರವವಲ್ಲ. ಅವರೂ ಆಕಾಶವನ್ನೂ ಹೊಲವನ್ನೂ ನೋಡಿಯೇ ಆ ಮಾತನ್ನಾಡಿದವರು.

ಕೊನೆಯ ಮಾತು

ಎಲ್ಲವನ್ನೂ ತಾನೇ ಪರೀಕ್ಷಿಸುತ್ತ ಕುಳಿತರೆ ವಿದ್ಯಾರ್ಥಿಯು ಮುಂದೆ ಸಾಗುವುದೆಂತು ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪವು ಸರಿಯಾದದ್ದೇ. ಬೆಳಕಿನ ವೇಗವನ್ನು ಪ್ರತಿಯೊಬ್ಬನೂ ಅಳೆಯಲಾರ. ಆದರೆ ಬೇರೆಯವರು ಅಳೆದುದನ್ನು ಒಪ್ಪುವಾಗಲೂ, ಅಳೆದವರು ಯಾರು, ಯಾವ ವಿಧಾನದಿಂದ ಅಳೆದರು, ಇತರರೂ ಅಳೆದು ನೋಡಿದರೇ ಎಂದು ಕೇಳಬಹುದಲ್ಲ! ಇಲ್ಲಿ ನಮಗೆ ನ್ಯಾಯಾಲಯದ ಸೂಕ್ತಿಗಳೇ ನೆರವಾಗುತ್ತವೆ. ತನ್ನ ಪ್ರಯೋಗಕ್ಕೆ ತಾನೇ ನ್ಯಾಯಾಧೀಶನಾಗಬಾರದು. ಇನ್ನೊಬ್ಬರು ಅದನ್ನು ಮಾಡಿ ನೋಡಬೇಕು. ತನ್ನ ಸಿದ್ಧಾಂತಕ್ಕೆ ವಿರುದ್ಧವಾದ ಸಾಕ್ಷ್ಯವನ್ನೂ ಕೇಳಬೇಕು. ಇವು ವಿಜ್ಞಾನಿಗೂ ಒಪ್ಪುವ ಕಟ್ಟಳೆಗಳು.

1949ರಲ್ಲಿ ಸ್ಥಾಪಿತವಾದ ನಮ್ಮ ಕರ್ನಾಟಕ ವಿಶ್ವವಿದ್ಯಾಲಯದ ಧ್ಯೇಯವಾಕ್ಯವು 'ಅರಿವೇ ಗುರು' ಎಂದಿದೆ. ಲಂಡನ್ನಿನ ಧ್ಯೇಯವಾಕ್ಯವು ಯಾರ ಮಾತನ್ನು ನೆಚ್ಚಬಾರದೆಂದು ಹೇಳಿದರೆ, ಧಾರವಾಡದ್ದು ಯಾವುದನ್ನು ನೆಚ್ಚಬೇಕೆಂದು ಹೇಳುತ್ತದೆ. ಎರಡು ಕನ್ನಡ ಶಬ್ದಗಳಲ್ಲಿ ಇಷ್ಟು ದೊಡ್ಡ ಮಾತು ನಮ್ಮ ಬಾಗಿಲಲ್ಲಿಯೇ ಇರುವಾಗ, ಲ್ಯಾಟಿನ್ನಿನ ಮುಂದೆ ನಮ್ಮ ವಿದ್ಯಾರ್ಥಿಯು ತಲೆತಗ್ಗಿಸಿ ನಿಲ್ಲಬೇಕಾಗಿಲ್ಲ. ಲ್ಯಾಟಿನ್ನನ್ನು ಧಿಕ್ಕರಿಸಬೇಕಾಗಿಯೂ ಇಲ್ಲ.

ತರುಣ ವಾಚಕರಲ್ಲಿ ನಮ್ಮದೊಂದು ಸೂಚನೆ. ಲ್ಯಾಟಿನ್ ಸೂಕ್ತಿಗಳ ನಿಮ್ಮ ಪಟ್ಟಿಗೆ ಇನ್ನೆರಡು ಅಂಕಣಗಳನ್ನು ಸೇರಿಸಿರಿ. ಒಂದರಲ್ಲಿ ಅದರ ಕನ್ನಡ ಅರ್ಥವನ್ನೂ ಅದಕ್ಕೆ ಸಮನಾದ ಗಾದೆಯನ್ನೂ ಬರೆಯಿರಿ. ಇನ್ನೊಂದರಲ್ಲಿ ಅದು ಎಲ್ಲಿಯವರೆಗೆ ನಿಜ, ಯಾವ ಪ್ರಯೋಗದಿಂದ ತಿಳಿಯಿತು ಎಂಬುದನ್ನು ಬರೆಯಿರಿ. ಮುಂದಿನ ರಜೆಯಲ್ಲಿ ಕಾರವಾರಕ್ಕೆ ಹೋಗುವವರು ಗಾಳಿಯ ಒತ್ತಡವನ್ನು ಅಳೆಯುವ ಉಪಕರಣವೊಂದನ್ನು ಜೊತೆಗೊಯ್ಯಿರಿ. ಕೆಲವು ಮೊಬೈಲ್ ಫೋನುಗಳಲ್ಲಿಯೇ ಈಗ ಅದು ಅಡಕವಾಗಿದೆ. ಹುಬ್ಬಳ್ಳಿಯಲ್ಲಿ ಒಮ್ಮೆ, ಯಲ್ಲಾಪುರದಲ್ಲಿ ಒಮ್ಮೆ, ಅರಬೈಲು ಘಟ್ಟವನ್ನಿಳಿದ ಮೇಲೆ ಒಮ್ಮೆ, ಕಡಲದಂಡೆಯಲ್ಲಿ ಒಮ್ಮೆ ಓದಿ ಬರೆದುಕೊಳ್ಳಿರಿ. ಪೆರಿಯೆ ಬೆಟ್ಟ ಹತ್ತಿ ಕಂಡದ್ದನ್ನು ನೀವು ಘಟ್ಟ ಇಳಿದು ಕಾಣುವಿರಿ. ಪಾದರಸದ ಲೆಕ್ಕಕ್ಕೆ ತಿರುಗಿಸಿದಾಗ ಕಡಲದಂಡೆಯ ಸಂಖ್ಯೆಯು 76ರ ಸಮೀಪಕ್ಕೆ ಬಂದರೆ, ಅದನ್ನು ಧಾರಾಳವಾಗಿ ಜರ್ನಲ್ಲಿನಲ್ಲಿ ಬರೆಯಿರಿ. ಆಗ ಅದು ಪುಸ್ತಕದ ಸಂಖ್ಯೆಯಾಗಿರದೆ ನಿಮ್ಮದೇ ಸಂಖ್ಯೆಯಾಗಿರುವುದು.